ಎಡಗಡೆ ಮುಂದಿನ ಗಾಲಿ

ನಾನು ಒಂದು ಟೈರು. ಕಡಿಮೆ ಬೆಲೆಯ ಟೈರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು ಕಂಡವರೆಲ್ಲ ಮೊದಲು ಆಡುತ್ತಿದ್ದ ಮಾತು ಅದೇ.

ನಾನು ಹುಟ್ಟಿದ್ದು ಒಂದು ಹೊಸ ಕಾರ್ಖಾನೆಯಲ್ಲಿ. ಬಿಸಿ ಅಚ್ಚಿನೊಳಗೆ ಹೋಗುವಾಗ ನಾದಿದ ರೊಟ್ಟಿಹಿಟ್ಟಿನಂತೆ ಮೆತ್ತಗಿದ್ದೆ. ಹೊರಗೆ ಬಂದಾಗ ಮೈತುಂಬ ದಪ್ಪ ದಪ್ಪ ರಬ್ಬರಿನ ಗಡ್ಡೆಗಳು, ಅವುಗಳ ನಡುವೆ ಬೆರಳು ತೂರುವಷ್ಟು ಆಳದ ಸಂದುಗಳು. ಇಂಥದ್ದಕ್ಕೆ ನಮ್ಮ ಕಡೆ ಬಟನ್ ಟೈರು ಅನ್ನುತ್ತಾರೆ. ಕಲ್ಲು, ಮಣ್ಣು, ಉಸುಕು, ಡಾಂಬರು ಎಲ್ಲದರ ಮೇಲೂ ಓಡುವ ಟೈರು ಎಂದು ನನ್ನ ಸುತ್ತ ಅಂಟಿಸಿದ ಕಾಗದದಲ್ಲಿ ಅಚ್ಚಾಗಿತ್ತು. ನಾನು ಅದನ್ನು ನಂಬಿದ್ದೆ. ಹೊಸತರಲ್ಲಿ ಯಾರು ತಾನೆ ನಂಬುವುದಿಲ್ಲ?

ಲಾರಿಯಲ್ಲಿ ಎರಡು ದಿನ ಕುಲುಕಾಡಿ, ನನ್ನ ಮೂವರು ಒಡಹುಟ್ಟಿದವರ ಜೊತೆ ಲಿಂಗಸುಗೂರಿನ ಲಾಳೇಸಾಬರ ಅಂಗಡಿಯ ಮುಂದೆ ಇಳಿದೆ. ನಮ್ಮನ್ನು ತಂದವನು ಕಂಪನಿಯ ಏಜೆಂಟ್ ಶಶಿಧರ.

"ದೊಡ್ಡ ಕಂಪನಿದು ಎರಡು ತಗೊಳ್ಳೋ ರೇಟಿಗೆ ಇವು ನಾಲ್ಕು ಬರ್ತಾವ ಸಾಬ್ರೆ. ನೀವು ಹ್ಞೂ ಅಂದ್ರ ತಾಲೂಕಿನಾಗ ಎಲ್ಲಾ ಜೀಪಿಗೂ ಇವ."

"ನಾ ಹ್ಞೂ ಅನ್ನೋದಕ್ಕಿಂತ ಮೊದಲ ಇವು ಹ್ಞೂ ಅನಬೇಕಲ್ಲ," ಎಂದು ಲಾಳೇಸಾಬರು ನನ್ನ ಬೆನ್ನು ತಟ್ಟಿದರು. ಅಂಗೈ ಒರಟಾಗಿತ್ತು, ಆದರೆ ತಟ್ಟಿದ್ದು ಮೆಲ್ಲಗೆ.

ಆ ಅಂಗಡಿಗೆ ಒಂದು ಪದ್ಧತಿ ಇತ್ತು. ಹೊಸ ಟೈರು ಯಾವುದೇ ಬಂದರೂ ಲಾಳೇಸಾಬರು ಅದನ್ನು ತಮ್ಮ ಹಳೇ ಜೀಪಿಗೆ ಹಾಕಿ, ಒಂದು ತಿಂಗಳು ಓಡಿಸಿ, ಕಂಡದ್ದನ್ನು ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಬರೆಯುತ್ತಿದ್ದರು. ಬ್ರೇಕು, ಹಿಡಿತ, ಸವೆತ ಇವನ್ನೆಲ್ಲ ಅವರೇ ನೋಡುತ್ತಿದ್ದರು. ಸದ್ದು ಮಾತ್ರ ಅವರ ಕೈಲಾಗುತ್ತಿರಲಿಲ್ಲ. ಹರೆಯದಲ್ಲಿ ಗಾಳಿ ತುಂಬುವಾಗ ಲಾರಿಯ ಟೈರೊಂದು ಸಿಡಿದು ಅವರ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಅರ್ಧ ಉಳಿದಿತ್ತು. ಅದಕ್ಕೇ ಹೆಂಡತಿ ಚಾಂದಬೀ ಜೀಪಿನಲ್ಲಿ ಜೊತೆಗೆ ಕೂರುತ್ತಿದ್ದರು. ಅವರು ಓಡಿಸುವುದು, ಇವರು ಕಣ್ಣುಮುಚ್ಚಿ ಕೇಳುವುದು.

ನನ್ನನ್ನು ಎಡಗಡೆ ಮುಂದಿನ ಗಾಲಿಗೆ ಹಾಕಿದರು, ಅಂದರೆ ಸರಿಯಾಗಿ ಚಾಂದಬೀಯವರು ಕೂರುವ ಕಡೆಗೆ. ಅವರು ಹತ್ತುವಾಗ ಸೆರಗು ನನ್ನ ಮೈಗೆ ತಾಗುತ್ತಿತ್ತು. ಊಟದ ಡಬ್ಬಿ, ನೀರಿನ ಬಾಟ್ಲಿ, ಎಲೆಅಡಿಕೆಯ ಚೀಲ ಎಲ್ಲ ಹಿಡಿದು, ದೊಡ್ಡ ಪ್ರಯಾಣಕ್ಕೆ ಹೊರಟವರ ಹಾಗೆ ಹತ್ತುತ್ತಿದ್ದರು.

ಮೊದಲ ವಾರ ಡಾಂಬರು ರಸ್ತೆ. ನಾನು ಹುಮ್ಮಸ್ಸಿನಿಂದ ಓಡಿದೆ. ಚಾಂದಬೀ ಕಣ್ಣು ತೆರೆದು ಗಂಡನ ಎಡಗಿವಿಯ ಕಡೆಗೆ ಬಾಗಿದರು.

"ಜೇನು ಎದ್ದಂಗ ಗುಂಯ್ ಅಂತಾವ್ರೀ. ನಲವತ್ತರ ಮ್ಯಾಲ ಹೋದ್ರ ಮಾತಾಡಾಕ ಬರಂಗಿಲ್ಲ."

ನನಗೆ ನಾಚಿಕೆಯಾಯಿತು. ಅದುವರೆಗೆ ಅದು ನನ್ನ ಹಾಡು ಎಂದುಕೊಂಡಿದ್ದೆ.

ಎರಡನೆಯ ವಾರ ಗುಡ್ಡದ ಗರಸು ದಾರಿ. ಚೂಪುಗಲ್ಲುಗಳು ನನ್ನ ಪಕ್ಕೆಯನ್ನು ಗೀರಿದವು, ಆದರೆ ಒಳಗೆ ಇಳಿಯಲಿಲ್ಲ. ಆಮೇಲೆ ಕೃಷ್ಣೆಯ ದಂಡೆಯ ಉಸುಕು. ಅಲ್ಲಿ ಮೊದಲು ಹೂತುಹೋದೆ. ಲಾಳೇಸಾಬರು ಇಳಿದು ನಮ್ಮ ನಾಲ್ವರ ಗಾಳಿಯನ್ನೂ ಸ್ವಲ್ಪ ಸ್ವಲ್ಪ ಬಿಟ್ಟರು. ಮೈ ಅಗಲವಾಯಿತು, ಉಸುಕಿನ ಮೇಲೆ ಒಂಟೆಯ ಪಾದದ ಹಾಗೆ ನಡೆದೆ. ಚಾಂದಬೀ ಇಳಿದು ನೀರಿನಲ್ಲಿ ಕಾಲಾಡಿಸಿ ಬಂದರು.

ಮೂರನೆಯ ವಾರ ಮಳೆ ಹಿಡಿಯಿತು. ಎರೆಮಣ್ಣು ಹಸಿಯಾದರೆ ಗಾಲಿಗೆ ಮೆತ್ತಿಕೊಂಡು ಬೀಸುವ ಕಲ್ಲಿನಷ್ಟು ದಪ್ಪವಾಗುತ್ತದೆ. ಹೊಲದ ದಾರಿಯಲ್ಲಿ ಮೂರು ಗಾಡಿಗಳು ಆಗಲೇ ಸಿಕ್ಕಿಕೊಂಡಿದ್ದವು. ನಾನು ಹೋದೆ. ಸಂದಿನಲ್ಲಿ ತುಂಬಿದ ಕೆಸರನ್ನು ಪ್ರತಿ ಸುತ್ತಿಗೂ ಹಿಂದಕ್ಕೆ ಎಸೆಯುತ್ತ ಹೋದೆ. ಲಾಳೇಸಾಬರು ಸ್ಟೇರಿಂಗಿಗೆ ಮುತ್ತು ಕೊಟ್ಟರು. ಅಂಥ ದಿನ ನನ್ನ ಬಾಳಿನಲ್ಲಿ ಇನ್ನೊಂದು ಬರಲಿಲ್ಲ.

ಮರುದಿನವೇ ಕೆಟ್ಟ ದಿನ ಬಂತು. ಮಳೆ ಬಿದ್ದ ಡಾಂಬರಿನ ಮೇಲೆ ಬ್ರೇಕು ನೋಡಬೇಕಿತ್ತು. "ನೀ ಕೆಳಗ ನಿಂದ್ರು," ಎಂದರು ಲಾಳೇಸಾಬರು. "ಕೇಳೋರು ಯಾರು?" ಎಂದು ಚಾಂದಬೀ ಹತ್ತಿ ಕೂತರು. ಖಾಲಿ ರಸ್ತೆ, ಐವತ್ತರ ವೇಗ. ಲಾಳೇಸಾಬರು ಬ್ರೇಕು ಒತ್ತಿದಾಗ ನಾನು ನೆಲವನ್ನು ಹಿಡಿಯಲು ಎಷ್ಟು ತಡಕಾಡಿದರೂ ಹಿಡಿಯಲು ಏನೂ ಸಿಗಲಿಲ್ಲ. ಒದ್ದೆ ಗಾಜಿನ ಮೇಲೆ ಕೈಯಿಟ್ಟ ಹಾಗಾಯಿತು. ಜೀಪು ಜಾರಿ, ರಸ್ತೆ ಬಿಟ್ಟು, ಜಾಲಿಗಿಡಕ್ಕೆ ಹೋಗಿ ನಿಂತಿತು. ಚಾಂದಬೀಯವರ ಹಣೆ ಮುಂದಿನ ಕಂಬಿಗೆ ಬಡಿದು ರಕ್ತ ಇಳಿಯಿತು.

ಲಾಳೇಸಾಬರು ಅವರ ಹಣೆಗೆ ತಮ್ಮ ರುಮಾಲು ಒತ್ತಿಹಿಡಿದು ಮಗುವಿನಂತೆ ಅತ್ತರು. ದವಾಖಾನೆಯಲ್ಲಿ ಮೂರು ಹೊಲಿಗೆ ಹಾಕಿದರು. ಸಂಜೆ ಅಂಗಡಿಗೆ ಬಂದವರೇ ನನ್ನನ್ನು ಒದ್ದರು. "ನಾಳೆ ನಾಲ್ಕೂ ವಾಪಸ್ ಕಳಸ್ತೀನಿ!"

"ನಿನ್ನೆ ಮುತ್ತು ಕೊಟ್ರಿ, ಇವತ್ತು ಒದ್ರಿ," ಎಂದರು ಚಾಂದಬೀ, ಹಣೆಯ ಪಟ್ಟಿ ಮುಟ್ಟಿಕೊಳ್ಳುತ್ತ. "ಕೆಸರಿನಾಗ ದಾಟಿಸಿದ್ದು ಸುಳ್ಳೇನು? ಎರಡೂ ಬರೀರಿ. ಯಾರಿಗೆ ಯಾವ್ದು ಬೇಕೋ ಅವರು ನೋಡ್ಕೊಂತಾರ."

ಹಲಗೆಯ ಮೇಲೆ ಎರಡೂ ಬಂದವು. 'ಎರಿಕೆಸರು: ಭಾಳ ಚಲೋ. ಉಸುಕು: ಗಾಳಿ ಬಿಟ್ಟರೆ ಚಲೋ. ಗರಸು: ತಡೀತದ. ಸದ್ದು: ಜಾಸ್ತಿ. ಮಳೆಯಾಗ ಡಾಂಬರು: ಜಾರ್ತದ, ದೂರ ಬಿಟ್ಟು ಬ್ರೇಕು ಹಾಕ್ರಿ.'

ಏಜೆಂಟ್ ಶಶಿಧರ ಅದನ್ನು ಓದಿ ಹಲಗೆಯ ಮುಂದೆಯೇ ಕುಕ್ಕರಿಸಿದ.

"ಕಡೀದೊಂದು ಸಾಲು ಅಳಿಸಿಬಿಡ್ರಿ ಸಾಬ್ರೆ. ಉಳಿದದ್ದೆಲ್ಲಾ ಇರ್ಲಿ. ನನ್ನ ನೌಕ್ರಿ ವಿಷಯ ಐತಿ."

"ನನ್ನ ಹೆಂಡ್ತಿ ಹಣೀಮ್ಯಾಲಿನ ಹೊಲಿಗಿ ಹೆಂಗ ಅಳಿಸ್ಲೋ ತಮ್ಮಾ?"

ಶಶಿಧರ ಕೆಟ್ಟವನೇನಲ್ಲ. ಚಹಾ ಕುಡಿದು ಹೋದ. ಆದರೆ ಅವನ ಕಂಪನಿ ಮತ್ತೆ ಮಾಲು ಕಳಿಸಲಿಲ್ಲ. ಸುದ್ದಿ ಹರಡಿ ಬೇರೆ ಏಜೆಂಟರೂ ಆ ಅಂಗಡಿಯ ಮೆಟ್ಟಿಲು ಹತ್ತುವುದನ್ನು ಬಿಟ್ಟರು. ಟೈರು ಜೋಡಿಸಿಡುತ್ತಿದ್ದ ಗೋಡೆ ಬರಿದಾಯಿತು. ಲಾಳೇಸಾಬರು ದಿನವಿಡೀ ಪಂಕ್ಚರ್ ಹಚ್ಚುತ್ತ ಕೂತರು. ಹಲಗೆಯ ಮೇಲಿನ ಆ ಸಾಲನ್ನು ಮಾತ್ರ ಮಳೆಯ ಎರಚಲು ಅಳಿಸಿದಾಗೆಲ್ಲ ಎದ್ದು ಮತ್ತೆ ಬರೆಯುತ್ತಿದ್ದರು.

ಒಂದು ದಿನ ಹುಲಿಗೆಮ್ಮ ಎಂಬ ಹೆಂಗಸು ಜೀಪು ತಂದು ನಿಲ್ಲಿಸಿದಳು. ಹೊಲಗಳ ನಡುವಿನ ಹತ್ತಾರು ಮನೆಗಳ ದೊಡ್ಡಿಯವಳು. ಗಂಡ ಗಣಿಯ ಕೆಲಸಕ್ಕೆ ಸೇರಿದ ಮೇಲೆ ಸುಮ್ಮನೆ ನಿಂತಿದ್ದ ಜೀಪನ್ನು ತಾನೇ ಓಡಿಸಲು ಕಲಿತು, ದೊಡ್ಡಿಯ ಒಂಬತ್ತು ಹುಡುಗಿಯರನ್ನು ಹೈಸ್ಕೂಲಿಗೆ ಕರೆತರುತ್ತಿದ್ದಳು. ಮಳೆಗಾಲ ಬಂದರೆ ಎರೆಯ ದಾರಿಯಲ್ಲಿ ಜೀಪು ಸಿಕ್ಕಿಕೊಳ್ಳುತ್ತಿತ್ತು. ವಾರಗಟ್ಟಲೆ ಶಾಲೆ ತಪ್ಪಿದರೆ ಮನೆಯವರು 'ಇನ್ನ ಸಾಕು' ಎಂದು ಹುಡುಗಿಯರನ್ನು ಬಿಡಿಸಿಬಿಡುತ್ತಿದ್ದರು. ಹೋದ ವರ್ಷ ಇಬ್ಬರು ಹಾಗೆ ಬಿಟ್ಟಿದ್ದರು.

ಅವಳು ಹಲಗೆಯನ್ನು ಬೆರಳಿಟ್ಟು ಓದಿದಳು. "ಕಾಕಾ, ದೂರ ಬಿಟ್ಟು ಅಂದ್ರ ಎಷ್ಟು ದೂರ?"

ಯಾರೂ ಕೇಳಿರದ ಪ್ರಶ್ನೆ. ಲಾಳೇಸಾಬರ ಮುಖ ಅರಳಿತು. "ಬಾ ಯವ್ವ, ತೋರಸ್ತೀನಿ."

ರಸ್ತೆಗೆ ಕೊಡಗಟ್ಟಲೆ ನೀರು ಸುರಿದು, ಅವಳನ್ನು ತಮ್ಮ ಜೀಪು ಓಡಿಸಲು ಕೂರಿಸಿ ಹತ್ತು ಸಲ ಬ್ರೇಕು ಹಾಕಿಸಿದರು. ಎಷ್ಟು ವೇಗಕ್ಕೆ ಎಷ್ಟು ದೂರ ಎಂದು ಸುಣ್ಣದ ಗೆರೆ ಎಳೆದರು. ಒಮ್ಮೆಗೇ ಒತ್ತದೆ, ಒತ್ತಿ ಬಿಟ್ಟು ಒತ್ತಿ ನಿಲ್ಲಿಸುವುದನ್ನು ಕಲಿಸಿದರು. ಆಮೇಲೆ ನಮ್ಮ ನಾಲ್ವರನ್ನೂ ಬಿಚ್ಚಿ ಅವಳ ಜೀಪಿಗೆ ಹಾಕಿದರು. ಅಲ್ಲಿಯೂ ನನಗೆ ಎಡಗಡೆ ಮುಂದಿನ ಗಾಲಿಯೇ ಸಿಕ್ಕಿತು.

ಹುಡುಗಿಯರ ಭಾರ ನನಗೆ ಭಾರವೆನಿಸಲಿಲ್ಲ. ಆ ಮಳೆಗಾಲದಲ್ಲಿ ಒಂದು ದಿನವೂ ಶಾಲೆ ತಪ್ಪಲಿಲ್ಲ. ನನ್ನ ಗುಂಯ್ ಸದ್ದನ್ನು ಮೀರಿಸಲು ಅವರು ಪದ್ಯಗಳನ್ನು ಕೂಗಿ ಕೂಗಿ ಬಾಯಿಪಾಠ ಮಾಡುತ್ತಿದ್ದರು.

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಒಂದು ಬೆಳಿಗ್ಗೆ ಅಕಾಲದ ಮಳೆ ಸುರಿಯಿತು. ಕೆಸರು ದಾಟಿ ಡಾಂಬರಿಗೆ ಬರುವಷ್ಟರಲ್ಲಿ ಹೊತ್ತಾಗಿತ್ತು.

"ಅಕ್ಕಾ, ಜೋರ ಹೊಡಿ! ಗಂಟಿ ಹೊಡದುಬಿಡ್ತಾರ!"

"ತಡೀರೇ, ಕಾಕಾ ಹೇಳ್ಯಾರ," ಎಂದು ಹುಲಿಗೆಮ್ಮ ಮೂವತ್ತರಲ್ಲೇ ಹೊರಟಳು. ತಿರುವಿನಾಚೆ ಜೋಳದ ಒಣದಂಟಿನ ಕಣಿಕೆ ತುಂಬಿದ ಟ್ರ್ಯಾಕ್ಟರು ರಸ್ತೆಗೆ ಅಡ್ಡ ಉರುಳಿ ಬಿದ್ದಿತ್ತು. ಅವಳು ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ನಾನು ಜಾರಿದೆ, ಹಿಡಿದೆ, ಮತ್ತೆ ಜಾರಿದೆ, ಮತ್ತೆ ಹಿಡಿದೆ. ಕಣಿಕೆಯ ಗರಿ ಬಾನೆಟ್ಟಿಗೆ ತಾಗುವಷ್ಟು ಹತ್ತಿರ ಹೋಗಿ ಜೀಪು ನಿಂತಿತು. ಆಮೇಲೆ ಒಬ್ಬಳು ಹುಡುಗಿ ಸಣ್ಣ ದನಿಯಲ್ಲಿ, "ಅಕ್ಕಾ, ನನ್ನ ಪೆನ್ನು ಕೆಳಗ ಬಿತ್ತು," ಎಂದಳು. ಎಲ್ಲರೂ ನಕ್ಕರು, ಅತ್ತರು. ಪಕ್ಕದ ಹೊಲದಲ್ಲಿ ಇಳಿದು, ಟ್ರ್ಯಾಕ್ಟರು ಸುತ್ತಿಹಾಕಿ, ಗಂಟೆ ಹೊಡೆಯುವ ಮೊದಲೇ ಮುಟ್ಟಿದೆವು.

ಅವತ್ತು ಮಧ್ಯಾಹ್ನ ಹುಲಿಗೆಮ್ಮ ಅಂಗಡಿಗೆ ಬಂದು ಚಾಂದಬೀಯವರ ಹಣೆಯ ಕಲೆಯನ್ನು ಮುಟ್ಟಿ ಎಲ್ಲ ಹೇಳಿದಳು. ಆ ಮಾತು ಸಂತೆಯಿಂದ ಸಂತೆಗೆ ಹೋಯಿತು. ಕ್ರಮೇಣ ಜನ ಎಲ್ಲೇ ಟೈರು ಕೊಳ್ಳಲಿ, 'ಲಾಳೇಸಾಬ ಏನಂದಾನ?' ಎಂದು ಕೇಳತೊಡಗಿದರು. ಏಜೆಂಟರು ಮತ್ತೆ ಬಂದರು.

ನಾಲ್ಕು ಮಳೆಗಾಲ ಓಡಿದೆ. ನನ್ನ ಸಂದುಗಳು ಮುಚ್ಚಿದವು. ಇನ್ನೊಂದು ವರ್ಷ ಓಡಿಸುತ್ತೇನೆಂದು ಹುಲಿಗೆಮ್ಮ ಅಂದಾಗ ಲಾಳೇಸಾಬರು ಒಪ್ಪಲಿಲ್ಲ. "ಹುಡುಗ್ಯಾರು ಕುಂದರೋ ಗಾಡಿ ಅದು," ಎಂದು ತಾವೇ ನನ್ನನ್ನು ಬಿಚ್ಚಿದರು. ಉಳಿದ ಮೂವರನ್ನು ಗುಜರಿಯವನು ಒಯ್ದ. ನನಗೆ ಚಾಂದಬೀ ಅಡ್ಡಡ್ಡ ಹಗ್ಗ ಹೆಣೆದು ಕೂರುವ ಪೀಠ ಮಾಡಿಕೊಂಡರು. ಅಂಗಡಿಯ ಬಾಗಿಲಲ್ಲಿ ನನ್ನ ಮುದಿತನ ಹೀಗೆ ಶುರುವಾಯಿತು.

ಅವರು ನನ್ನ ಮೇಲೆ ಕೂತಿರುವಾಗಲೇ ನನಗೊಂದು ಸಂಗತಿ ತಿಳಿಯಿತು. ಹಿಂದಿನಿಂದ ಯಾರಾದರೂ ಕರೆದರೆ ಅವರು ತಿರುಗುತ್ತಿರಲಿಲ್ಲ. ಲಾರಿ ಹಾರನ್ ಹೊಡೆದರೆ ನನ್ನ ಮೈ ಅದುರುತ್ತಿತ್ತು, ಅವರು ಅಡಿಕೆ ಕತ್ತರಿಸುತ್ತಲೇ ಇರುತ್ತಿದ್ದರು. ಆದರೂ ಹೊಸ ಟೈರು ಬಂದರೆ ಡಬ್ಬಿ, ಚೀಲ ಹಿಡಿದು ಜೀಪು ಹತ್ತುತ್ತಿದ್ದರು. ತಿರುಗಿ ಬಂದಾಗ ಲಾಳೇಸಾಬರು ಹಲಗೆಯ ಮೇಲೆ 'ಸದ್ದು: ಕಡಿಮಿ' ಎಂದು ಬರೆಯುತ್ತಿದ್ದರು. ಅದೇ ಜೀಪು ಮುಂದೆ ಹಾದುಹೋಗುವಾಗ ನೆಲದ ಅದುರಿನಿಂದಲೇ ನನಗೆ ಗೊತ್ತಾಗುತ್ತಿತ್ತು, ಆ ಟೈರು ನನಗಿಂತ ಹೆಚ್ಚು ಒದರುತ್ತಿದೆ ಎಂದು. ಹೇಳಲು ನನಗೆ ಬಾಯಿರಲಿಲ್ಲ. ಇದ್ದಿದ್ದರೂ ಹೇಳುತ್ತಿರಲಿಲ್ಲವೇನೋ.

ಹೇಳಿದವಳು ಹುಲಿಗೆಮ್ಮ. ಬೇಸಿಗೆ ರಜೆಯೆಲ್ಲ ಗಾಡಿ ನಿಲ್ಲಿಸಿ, ಶಾಲೆ ತೆರೆದಾಗ ಹೊಸ ಟೈರು ಹಾಕಿಸಿಕೊಂಡವಳು ವಾರಕ್ಕೆ ತಿರುಗಿ ಬಂದಳು.

"ಯವ್ವಾ, ಸದ್ದು ಕಡಿಮಿ ಅಂದಿದ್ದಿ. ಹುಡುಗ್ಯಾರು ತಲಿನೋವು ಅಂತ ಕುಂದ್ರಾಕತ್ಯಾರ."

ಚಾಂದಬೀ ಅವಳ ತುಟಿಯನ್ನೇ ನೋಡುತ್ತಿದ್ದರು. ಅವಳು ಹೋದ ಮೇಲೆ ನನ್ನ ಮೇಲೆ ಕೂತೇ ಗಂಡನನ್ನು ಕರೆದರು.

"ನನಗ ಕೇಳಸಂಗಿಲ್ರೀ. ಎರಡು ವರ್ಷ ಆತು. ಮೂರು ಕಂಪನಿ ಟೈರು ನಾ ಅಂದಾಜಿನಾಗ ಹೇಳೀನಿ."

ಲಾಳೇಸಾಬರ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗೆ ಬಿತ್ತು. ಆ ಸದ್ದಿಗೂ ಚಾಂದಬೀ ಬೆಚ್ಚಲಿಲ್ಲ. ಲಾಳೇಸಾಬರು ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತು, ಹೆಂಡತಿಯ ಕಿವಿಗೆ ಬಾಯಿಟ್ಟು ಕೇಳಿದರು.

"ಮೊದಲ ಯಾಕ ಹೇಳಲಿಲ್ಲ?"

"ಹೇಳಿದ್ರ ನನ್ನ ಬಿಟ್ಟು ಒಬ್ರ ಹೋಗ್ತಿದ್ರಿ. ಆ ಜೀಪಿನಾಗ ಬಿಟ್ರ ನಾ ಇನ್ನೆಲ್ಲಿ ಹೊರಗ ಹೋಗೀನಿ, ಹೇಳ್ರಿ?"

ಲಾಳೇಸಾಬರು ತಿರುಗಿ ಹಲಗೆಯ ಕಡೆ ನೋಡಿದರು. ನನಗೆ ಭಯವಾಯಿತು. ಒಂದು ಸಾಲು ಅಳಿಸಲು ಒಪ್ಪದೆ ಅಂಗಡಿಯನ್ನೇ ಬರಿದು ಮಾಡಿಕೊಂಡ ಮನುಷ್ಯ ಅವರು. ಎದ್ದು ಹೋಗಿ, ಒದ್ದೆ ಬಟ್ಟೆಯಿಂದ ಹಲಗೆಯ ಮೇಲಿನ ಮೂರೂ 'ಸದ್ದು: ಕಡಿಮಿ' ಒರೆಸಿದರು. ಆ ಜಾಗದಲ್ಲಿ, 'ಸದ್ದು: ನಮಗ ತಿಳಿಯಂಗಿಲ್ಲ, ನೀವ ಓಡಿಸಿ ಕೇಳ್ರಿ' ಎಂದು ಬರೆದರು. ಹುಲಿಗೆಮ್ಮನಿಗೆ ಹೇಳಿಕಳಿಸಿ ಟೈರು ಬದಲಿಸಿಕೊಟ್ಟು, ತಪ್ಪು ನಮ್ಮದು ಎಂದು ಒಪ್ಪಿಕೊಂಡರು. "ಇರ್ಲಿ ಬಿಡು ಕಾಕಾ," ಎಂದು ಅವಳು ಚಾಂದಬೀಯವರ ಕೈಯನ್ನು ಹಿಡಿದುಕೊಂಡೇ ನಿಂತಳು.

ಮರುವಾರ ಟೈರಿನ ಇನ್ನೊಂದು ಹೊಸ ಜೊತೆ ಬಂತು. ಲಾಳೇಸಾಬರು ಜೀಪಿಗೆ ಹಾಕಿ, ಹಾರನ್ ಹೊಡೆದರು. ಚಾಂದಬೀ ನನ್ನ ಮೇಲೆ ತಲೆತಗ್ಗಿಸಿ ಕೂತಿದ್ದರು. ಅವತ್ತು ಡಬ್ಬಿ ಕಟ್ಟಿರಲಿಲ್ಲ. ಲಾಳೇಸಾಬರು ಇಳಿದು ಬಂದು ಅವರ ರಟ್ಟೆ ಹಿಡಿದು ಎಬ್ಬಿಸಿದರು.

"ನಾ ಬಂದು ಏನ್ ಮಾಡ್ಲಿ? ಕೇಳಾಕ ಬರಂಗಿಲ್ಲಲ್ಲ."

"ಕೇಳಾಕ ಯಾರು ಕರದ್ರು?" ಎಂದು ಕಿವಿಯ ಹತ್ತಿರ ಕೂಗಿದರು ಲಾಳೇಸಾಬರು. ರಸ್ತೆಯಲ್ಲಿ ಹೋಗುವವರೆಲ್ಲ ತಿರುಗಿ ನೋಡಿದರು. "ಸುಮ್ನ ಕುಂದ್ರಾಕ ಬಾ."

ಅವರು ಹೋದ ಮೇಲೆ ನನ್ನ ಹಗ್ಗದ ಹೆಣಿಗೆ ಇನ್ನೂ ಬೆಚ್ಚಗಿತ್ತು. ನಾನು ಯೋಚಿಸಿದೆ. ನನ್ನ ಕಾಗದದಲ್ಲಿ ಅಚ್ಚಾಗಿದ್ದಂತೆ ನಾನು ಎಲ್ಲ ನೆಲಕ್ಕೂ ಒಗ್ಗಲಿಲ್ಲ. ಒಂದು ಕಡೆ ಗೆದ್ದೆ, ಒಂದು ಕಡೆ ಜಾರಿದೆ, ಎಲ್ಲ ಕಡೆ ಗದ್ದಲ ಮಾಡಿದೆ. ಅದೆಲ್ಲವನ್ನೂ ಬೀದಿಯ ಮುಂದೆ ಬರೆದಿಟ್ಟೂ ಈ ಮನೆಯವರು ನನ್ನನ್ನು ಇಟ್ಟುಕೊಂಡರು. ಒಂದು ಟೈರಿಗೆ ಇದಕ್ಕಿಂತ ಹೆಚ್ಚು ಏನು ಬೇಕು?

ಮೊದಲ ದಿನದ್ದು ಒಂದು ತಾಸಿನಲ್ಲಿ ಮುಗಿಯುವ ಓಡಾಟ. ಅವರು ತಿರುಗಿ ಬಂದದ್ದು ಹೊತ್ತು ಇಳಿದ ಮೇಲೆ. ಇಬ್ಬರ ಪಾದಕ್ಕೂ ಹೊಳೆಯ ಉಸುಕು ಮೆತ್ತಿತ್ತು. ಚಾಂದಬೀಯವರ ಸೆರಗಿನ ತುದಿ ಒದ್ದೆಯಾಗಿತ್ತು. ಲಾಳೇಸಾಬರು ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತರು, ತಲೆ ಕೆರೆದುಕೊಂಡರು, ಆಮೇಲೆ ಸೀಮೆಸುಣ್ಣವನ್ನು ಹಾಗೇ ಕೆಳಗಿಟ್ಟರು. ಟೈರು ಹೇಗಿದೆ ಎಂದು ನೋಡುವುದನ್ನೇ ಮರೆತು ಬಂದಿದ್ದರು.