ಎಡೆಲ್ಮಿರಾಳ ಮಂಚದ ಮೇಲಿನ ತಗಡು

ಯಾರ ಮನೆಗೆ ಹೋದರೂ ಮೊದಲು ತಲೆಯೆತ್ತಿ ಸೂರು ನೋಡುವ ಚಟ ನನಗೆ ಹತ್ತಿದ್ದು ಹೋದ ಚಳಿಗಾಲದಲ್ಲಿ. ಅದಕ್ಕೆ ಕಾರಣ ದೋನ್ ರಿಗೋ ಅವರ ಒಲೆ.

ದೋನ್ ರಿಗೋ ಗುಡ್ಡ ಹತ್ತುವ ನಮ್ಮ ಮೆಟ್ಟಿಲುಬೀದಿಯ ಕೊನೆಯ ಮನೆಯವರು. ವಾಲ್ಪರೈಸೊ ಬಂದರಿನಲ್ಲಿ ನಲವತ್ತು ವರ್ಷ ಮೂಟೆ ಹೊತ್ತು ಸೊಂಟ ಸವೆಸಿಕೊಂಡವರು. ನನ್ನ ಅಡುಗೆಮನೆ ಸೋರುತ್ತಿತ್ತು, ಎಲ್ಲಾದರೂ ಒಂದು ತಗಡು ಸಿಗುತ್ತದಾ ಎಂದು ಕೇಳಲು ಹೋಗಿದ್ದೆ. ಅವರು ಮೊಟ್ಟೆ ಕರಿಯುತ್ತಿದ್ದರು. ಅವರ ತಲೆಯ ಮೇಲೆ ಹೊಗೆ ಹಿಡಿದ ನೀಲಿ ತಗಡು, ಅದರ ಮೇಲೆ ಬಿಳಿ ಬಣ್ಣದ ಅಕ್ಷರ: 'ಒಮ್ಮೆ ವಿಮಾನದಲ್ಲಿ ಕಿಟಕಿ ಪಕ್ಕ ಕೂರಬೇಕು. ನೋರ್ಮಾ, 12.'

ಅದು ಅಮ್ಮ ಹೇಳುತ್ತಿದ್ದ ಆ ಗೋಡೆಯ ತಗಡು.

ಹದಿಮೂರು ವರ್ಷದ ಹಿಂದೆ, ಮೇಲಿನ ತಿರುವಿನಲ್ಲಿ ಸುಟ್ಟುಹೋದ ಬೇಕರಿಯ ಮುಂದೆ ಉದ್ದಕ್ಕೂ ತಗಡು ಹೊಡೆದು ಮರೆ ಮಾಡಿದ್ದರು. ಚಿತ್ರಕಲೆ ಓದುತ್ತಿದ್ದ ಹುಡುಗಿಯೊಬ್ಬಳು ಎಲ್ಲಿಂದಲೋ ಬಂದು, ಹಡಗಿಗೆ ಬಳಿದು ಮಿಕ್ಕ ನೀಲಿ ಬಣ್ಣವನ್ನು ಅದಕ್ಕೆಲ್ಲ ಬಳಿದಳು. ಮೇಲ್ಗಡೆ ದೊಡ್ಡದಾಗಿ 'ನಾನು ಇನ್ನೂ ಮಾಡದೆ ಉಳಿದದ್ದು' ಎಂದು ಬರೆದಳು. ಕೆಳಗೆ ಬಿಳಿ ಬಣ್ಣದ ಡಬ್ಬಿ, ಬ್ರಷ್ಷು ನೇತುಹಾಕಿದಳು. ಯಾರು ಬೇಕಾದರೂ ತಮ್ಮ ಆಸೆಯನ್ನು ಬರೆಯಬಹುದು, ಆದರೆ ಹೆಸರು, ಮನೆ ನಂಬರು ಹಾಕಲೇಬೇಕು. ಕದ್ದುಮುಚ್ಚಿ ಆಸೆಪಡುವುದು ಆ ಹುಡುಗಿಗೆ ಹಿಡಿಸುತ್ತಿರಲಿಲ್ಲ.

ಒಂದೇ ತಿಂಗಳಲ್ಲಿ ಗೋಡೆ ತುಂಬಿಹೋಯಿತು. ನನ್ನ ಅಮ್ಮ ಒಲಾಯಾ ಕೂಡ ಬರೆದಿದ್ದಳು.

ನಾನಾಗ ಸಾಂತಿಯಾಗೊದ ಚಪ್ಪಲಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಭಾನುವಾರ ಬೆಳಿಗ್ಗೆ ಬಂದು ಸಂಜೆ ಹೊರಡುತ್ತಿದ್ದೆ. ಟೀಗೆ ಕೂತಾಗ, ಬ್ರೆಡ್ಡಿಗೆ ಬೆಣ್ಣೆಹಣ್ಣು ಸವರುತ್ತಾ ಅಮ್ಮ ಕೇಳುತ್ತಿದ್ದಳು:

"ನಂದು ಓದಿದ್ಯಾ?"

"ಇಲ್ಲಮ್ಮ. ಏನು ಬರ್ದಿದ್ದೀಯ ನೀನೇ ಹೇಳು."

"ಬಾಯಲ್ಲಿ ಹೇಳೋ ಹಾಗಿದ್ರೆ ಗೋಡೆ ಮೇಲೆ ಯಾಕೆ ಬರೀತಿದ್ದೆ? ಕಣ್ಣಿಲ್ವಾ ನಿಂಗೆ? ಹೋಗಿ ಓದು."

"ಮುಂದಿನ ವಾರ ಓದ್ತೀನಿ, ಬಸ್ಸು ತಪ್ಪುತ್ತೆ."

ಗೋಡೆ ಇದ್ದದ್ದು ಮೇಲಕ್ಕೆ, ಬಸ್ಸು ಇದ್ದದ್ದು ಕೆಳಗೆ. ಅರವತ್ತೆಂಟು ಮೆಟ್ಟಿಲು ಹತ್ತಲು ಎರಡು ವರ್ಷ ನನಗೆ ಪುರುಸೊತ್ತಾಗಲಿಲ್ಲ. ಒಂದು ಭಾನುವಾರದಿಂದ ಅಮ್ಮ ಕೇಳುವುದನ್ನೇ ಬಿಟ್ಟಳು. ಬದಲಿಗೆ ಕಿಟಕಿಯ ಹತ್ತಿರ ನಿಂತು, ಹೊಲಿಗೆ ಮಷೀನಿನ ಎಣ್ಣೆಡಬ್ಬಿ ಹಿಡಿದು, ಹೊರಗಿನ ಬಟ್ಟೆ ಒಣಹಾಕುವ ರಾಟೆಗೆ ತೊಟ್ಟು ತೊಟ್ಟಾಗಿ ಎಣ್ಣೆ ಬಿಡುತ್ತಿದ್ದಳು. ಆ ರಾಟೆಗೆ ಹಗ್ಗವಿಲ್ಲದೆ ಎಷ್ಟೋ ವರ್ಷವಾಗಿತ್ತು. ನಿಂಗೇನು ಅರಳುಮರಳಾ ಎಂದು ನಾನು ನಗಾಡಿದರೆ, "ಗಾಳಿಗೆ ಕಿರ್ರೋ ಅನ್ನುತ್ತೆ ಕಣೇ" ಎನ್ನುತ್ತಿದ್ದಳು.

ಅಮ್ಮ ಹೋದಳು. ಮುಂದಿನ ಜುಲೈಯಲ್ಲಿ ಬಡಗಣ ಬಿರುಗಾಳಿ ಬಂದು ಬೇಕರಿಯ ಗೋಡೆ ಹಾರಿಹೋಯಿತು. ನಾನು ಮನೆಯನ್ನು ಸಾಮಾನಿನ ಸಮೇತ ಬಾಡಿಗೆಗೆ ಕೊಟ್ಟು ಸಾಂತಿಯಾಗೊದಲ್ಲೇ ಉಳಿದೆ. ಆ ಗೋಡೆ ಕಡಲಪಾಲಾಯಿತೆಂದೇ ನಂಬಿದ್ದೆ. ಅಮ್ಮ ಬರೆದದ್ದನ್ನು ಓದದೆ ಬಿಟ್ಟದ್ದನ್ನು ನೆನೆದಾಗಲೆಲ್ಲ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ, ಯಾರ ಸಮಾಧಾನದ ಮಾತೂ ಅದಕ್ಕೆ ನಾಟುವುದಿಲ್ಲ.

ಈಗ ಅಂಗಡಿ ಮುಚ್ಚಿ, ನಾನು ಅಮ್ಮನ ಮನೆಗೆ ವಾಪಸ್ಸು ಬಂದ ಮೇಲೆ, ಇಲ್ಲಿ ನೋಡಿದರೆ ನೋರ್ಮಾಳ ವಿಮಾನ ದೋನ್ ರಿಗೋ ಅವರ ಒಲೆಯ ಮೇಲೆ!

"ಗಾಳಿ ಬಂದು ಎಲ್ರ ಸೂರೂ ಹಾರಿತ್ತಲ್ಲ ಯಸ್ನಾ. ಕೈಗೆ ಸಿಕ್ಕಿದ್ದನ್ನ ತಂದು ಹೊಡ್ಕೊಂಡ್ವಿ," ಎಂದರು ಅವರು ಮೊಟ್ಟೆ ತಿರುವುತ್ತಾ. "ಹತ್ತು ವರ್ಷದಿಂದ ದಿನಾ ಬೆಳಿಗ್ಗೆ ಈ ನೋರ್ಮಾ ವಿಮಾನ ವಿಮಾನ ಅಂತ ಪ್ರಾಣ ತಿಂತಾಳೆ."

"ನಮ್ಮಮ್ಮನ ತಗಡು ಯಾರ ಹತ್ರ ಇದೆ?"

ಅವರು ಮೊಟ್ಟೆಯಿಂದ ಕಣ್ಣೆತ್ತಲಿಲ್ಲ. "ನಂಗೇನು ಗೊತ್ತು? ಮನೆ ಮನೆ ನೋಡು."

ನೋಡಿದೆ. ಒಂದು ವಾರ ಗುಡ್ಡವೆಲ್ಲ ಸುತ್ತಿದೆ. ಕೋಳಿಗೂಡಿನ ಮೇಲೊಂದು ಕಡೆ 'ಈಜು ಕಲಿಯಬೇಕು' ಎಂದಿತ್ತು, ಬರೆದವನು ಮೀನುಗಾರ. ಒಬ್ಬರ ಬಚ್ಚಲಲ್ಲಿ 'ನನ್ನ ಗಂಡ ಒಂದು ದಿನವಾದರೂ ಗೊರಕೆ ಹೊಡೆಯದಿರಲಿ' ಎಂದಿತ್ತು, ಪಾಪ, ಆ ಗಂಡ ಹೋಗಿ ಆರು ವರ್ಷವಾಗಿದೆ. ಎಲ್ಲರೂ ಬೇರೆಯವರ ಆಸೆಯ ಕೆಳಗೆ ಉಂಡು ಮಲಗಿ ಅದಕ್ಕೆ ಹೊಂದಿಕೊಂಡುಬಿಟ್ಟಿದ್ದರು. ಕೆಲವರು ಅಕ್ಷರ ಆಕಾಶದ ಕಡೆಗೆ ಬರುವಂತೆ ಹೊಡೆದಿದ್ದರು. ಐವತ್ತೆಂಟರ ಹೆಂಗಸು ನಾನು, ಸೂರು ಹತ್ತಿ ಅವನ್ನೂ ಓದಿದೆ. ಅಮ್ಮನದು ಮಾತ್ರ ಇಲ್ಲ. ಏನು ಬರೆದಿದ್ದಳೆಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ನೆನಪಿಲ್ಲ ಕಣಮ್ಮ."

ಕೊನೆಗೆ ದೋನ್ ರಿಗೋ ಅವರಿಗೇ ಕನಿಕರ ಬಂತು.

"ಎಲ್ರಿಗೂ ನೆನಪಿದೆ. ಯಾರೂ ಹೇಳಲ್ಲ. ಹೇಳ್ಬೇಕಾದೋಳು ಒಬ್ಬಳೇ. ಅವಳ ಮನೆ ಒಂದನ್ನ ಬಿಟ್ಟು ಊರೆಲ್ಲ ಸುತ್ತಿದೀಯ ನೀನು."

ಎಡೆಲ್ಮಿರಾ. ನಮ್ಮ ಎದುರು ಮನೆ. ನಮ್ಮ ಕಿಟಕಿಗೂ ಅವಳ ಕಿಟಕಿಗೂ ನಡುವೆ ಮೆಟ್ಟಿಲಿನಷ್ಟೇ ಅಗಲ. ನಾನು ಹುಟ್ಟುವ ಮೊದಲಿನಿಂದ ಆ ಎರಡು ಕಿಟಕಿಗಳ ನಡುವೆ ಒಂದೇ ಹಗ್ಗ, ಎರಡು ರಾಟೆ. ಅಮ್ಮ ಇಲ್ಲಿಂದ ಎಳೆದರೆ ಎಡೆಲ್ಮಿರಾಳ ಒಗೆದ ಬಟ್ಟೆ ಇತ್ತ ಬರುತ್ತಿತ್ತು, ಅವಳು ಅಲ್ಲಿಂದ ಎಳೆದರೆ ನಮ್ಮದು ಅತ್ತ. ಬಟ್ಟೆಯ ಜೊತೆಗೆ ಕ್ಲಿಪ್ಪಿಗೆ ಸಿಕ್ಕಿಸಿದ ಕೊತ್ತಂಬರಿ ಕಟ್ಟು, ಪತ್ರ, ಒಮ್ಮೊಮ್ಮೆ ಬೈಗುಳವೂ ಹೋಗಿ ಬರುತ್ತಿತ್ತು. ನನಗೆ ಹತ್ತೊಂಬತ್ತಾದಾಗ, ಅಮ್ಮ ಮನೆಯಲ್ಲೇ ಕಪ್ಪು ಬಣ್ಣ ಹಾಕಿದ ಲಂಗವೊಂದು ಆ ಹಗ್ಗದಲ್ಲಿ ತೊಟ್ಟಿಕ್ಕಿ, ಎಡೆಲ್ಮಿರಾಳ ಮಗಳ ಮೊದಲ ಪರಮಪ್ರಸಾದದ ಬಿಳಿ ಉಡುಪಿಗೆ ಬಣ್ಣ ಹತ್ತಿತು. ಮಾರನೆಯ ದಿನವೇ ಚರ್ಚಿಗೆ ಹೋಗಬೇಕಿತ್ತು. ಎಡೆಲ್ಮಿರಾ ಅಡುಗೆಯ ಚಾಕು ತಂದು ಹಗ್ಗ ಕತ್ತರಿಸಿದಳು. ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ಅಮ್ಮನ ಶವ ಮೆಟ್ಟಿಲಿಳಿಯುವಾಗಲೂ ಅವಳ ಕಿಟಕಿ ಮುಚ್ಚಿತ್ತು, ಅದನ್ನು ನಾನು ಕ್ಷಮಿಸಿರಲಿಲ್ಲ.

ಹೋಗಿ ಬಾಗಿಲು ತಟ್ಟಿದೆ. ಎಂಬತ್ನಾಲ್ಕರ ಮುದುಕಿ ಬಾಗಿಲು ತೆರೆದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಚಿಕ್ಕಮ್ಮ, ನಿಮ್ಮ ಮನೇಲಿ..."

"ನಿಮ್ಮ ಅಂತೆ ನಿಮ್ಮ! ನನ್ನ ಮಡಿಲಲ್ಲಿ ಉಚ್ಚೆ ಹೊಯ್ದೋಳು ನೀನು. ಒಳಗ್ ಬಾ. ಕಾಲು ಒರೆಸ್ಕೋ."

ಅವಳು ನನ್ನನ್ನು ನೇರ ಮಲಗುವ ಕೋಣೆಗೆ ಕರೆದೊಯ್ದು ಮಂಚದ ಮೇಲಿನ ಸೂರಿನತ್ತ ಕೈ ತೋರಿದಳು. ನೀಲಿ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ.

'ಎಡೆಲ್ಮಿರಾಳ ಕಿಟಕಿಗೆ ಮತ್ತೆ ಹಗ್ಗ ಕಟ್ಟಬೇಕು. ಒಲಾಯಾ, 47.'

ನಾನು ಮಂಚದ ಅಂಚಿನಲ್ಲಿ ಕೂತೆ. ನನ್ನ ಬಗ್ಗೆ ಏನಾದರೂ ಬರೆದಿರುತ್ತಾಳೆ ಎಂದುಕೊಂಡಿದ್ದೆ. ಮಗಳು ಊರಿಗೆ ಬರಲಿ ಎಂದೋ, ಮಗಳಿಗೊಂದು ಮದುವೆಯಾಗಲಿ ಎಂದೋ. ಸುಳ್ಳೇಕೆ ಹೇಳಲಿ, ಕ್ಷಣಕಾಲ ಹೊಟ್ಟೆಕಿಚ್ಚಾಯಿತು.

"ಅವಳು ಬರೆದ ದಿನಾನೇ ಓದಿದ್ದೆ," ಎಂದಳು ಎಡೆಲ್ಮಿರಾ. "ಊರೇ ಓದಿತ್ತು. ಬ್ರೆಡ್ ತರೋಕೆ ಹೋದ್ರೆ ಎಲ್ರೂ ನನ್ನ ಮುಖಾನೇ ನೋಡೋರು."

"ಮತ್ತೆ ಯಾಕೆ ಹೋಗ್ಲಿಲ್ಲ ಚಿಕ್ಕಮ್ಮ?"

"ಗೋಡೆ ಮೇಲೆ ಬರ್ದಿದ್ಲು, ನನ್ನ ಬಾಗಿಲು ತಟ್ಟಿದ್ಲಾ? ನನಗಿಂತ ಎರಡು ತಿಂಗಳು ದೊಡ್ಡೋಳು. ದೊಡ್ಡೋಳು ಮೊದಲು ಬರ್ಬೇಕು." ಅವಳು ಬಾಗಿಲ ಹಿಂದಿನ ಮೊಳೆಯಿಂದ ಏನನ್ನೋ ತೆಗೆದು ನನ್ನ ತೊಡೆಯ ಮೇಲೆ ಎಸೆದಳು. ಸುರುಳಿ ಸುತ್ತಿದ ಹೊಸ ಹಗ್ಗ, ಅಂಗಡಿಯ ಕಾಗದದ ಪಟ್ಟಿ ಇನ್ನೂ ಹರಿದಿರಲಿಲ್ಲ. "ಆ ವಾರಾನೇ ತಂದಿಟ್ಟಿದ್ದೆ. ಇವತ್ತು ಬರ್ತಾಳೆ, ನಾಳೆ ಬರ್ತಾಳೆ ಅಂತ. ಅವಳಿಗೆ ಅದು ಬರೀ ಬಾಯಿಮಾತು ಅಂತ ಕಾಣುತ್ತೆ, ಬರ್ದು ಮರ್ತುಬಿಟ್ಲು."

"ಮರ್ತಿರ್ಲಿಲ್ಲ."

"ನಿಂಗೇನು ಗೊತ್ತು? ನೀನು ಓದೇ ಇರ್ಲಿಲ್ಲ."

ಅದು ಚುಚ್ಚಿತು. ಆದರೂ ಹೇಳಿದೆ, ಎಣ್ಣೆಡಬ್ಬಿಯ ವಿಷಯ. ಹಗ್ಗವಿಲ್ಲದ ರಾಟೆಗೆ ಅಮ್ಮ ಪ್ರತಿ ಭಾನುವಾರ ಎಣ್ಣೆ ಬಿಡುತ್ತಿದ್ದದ್ದು, ಬೆರಳಿನಿಂದ ಒಮ್ಮೆ ತಿರುಗಿಸಿ ನೋಡುತ್ತಿದ್ದದ್ದು, ನಾನು ನಕ್ಕದ್ದು. ಸಾಯುವ ಹಿಂದಿನ ಭಾನುವಾರ ನಿಲ್ಲಲಾಗದೆ ಕುರ್ಚಿ ಎಳೆಸಿಕೊಂಡು ಕೂತು ಎಣ್ಣೆ ಬಿಟ್ಟಿದ್ದಳು.

ಎಡೆಲ್ಮಿರಾ ತಲೆಯೆತ್ತಿ ತಗಡನ್ನೇ ಬೈದಳು.

"ಹಾಳಾದೋಳೇ. ಒಂದು ಮಾತು ಕೂಗಬಾರ್ದಿತ್ತಾ? ಕಿಟಕಿ ಮುಚ್ಕೊಂಡು ಇಲ್ಲೇ ನಿಂತಿರ್ತಿದ್ದೆ ನಾನು. ಮುಚ್ಚಿದ ಕಿಟಕಿ ಹಿಂದೆ ನಿಂತೇ ನಿನ್ನ ಕಳಿಸಿಕೊಟ್ಟೆ." ಅವಳು ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ. ಆಮೇಲೆ ಮುಖ ಒರೆಸಿಕೊಂಡು, "ತಗಡು ಬೇಕಾದ್ರೆ ಬಿಚ್ಚಿಸ್ಕೊಂಡು ಹೋಗು. ನಿಮ್ಮಮ್ಮಂದು. ಮಳೆ ಬಿದ್ರೆ ನಾನು ಕೊಡೆ ಹಿಡ್ಕೊಂಡು ಮಲಗ್ತೀನಿ," ಎಂದಳು.

"ತಗಡು ಇಲ್ಲೇ ಇರ್ಲಿ. ಹಗ್ಗ ಕೊಡು."

"ಯಾರ ಬಟ್ಟೆಗೆ?"

"ನಾನೇನು ಬತ್ತಲೆ ಓಡಾಡ್ತೀನಾ?"

ಮಾರನೆಯ ಬೆಳಿಗ್ಗೆ ಮಳೆ ಬಿಟ್ಟು ಬಿಸಿಲು ಬಂದಿತ್ತು. ರಾಟೆ ಹತ್ತು ವರ್ಷದ ತುಕ್ಕು ಹಿಡಿದು ಜಪ್ಪಯ್ಯ ಎಂದರೂ ತಿರುಗಲಿಲ್ಲ. ಅಮ್ಮನ ಮಷೀನಿನ ಖಾನೆಯಲ್ಲಿ ಎಣ್ಣೆಡಬ್ಬಿ ಹುಡುಕಿದೆ, ತಳದಲ್ಲಿ ನಾಲ್ಕು ತೊಟ್ಟು ಉಳಿದಿತ್ತು. ಅದನ್ನು ಬಿಟ್ಟು ಬೆರಳಿನಿಂದ ತಳ್ಳಿದಾಗ ರಾಟೆ ತಿರುಗಿತು. ಹಗ್ಗದ ತುದಿಗೆ ಆಲೂಗಡ್ಡೆ ಕಟ್ಟಿ ಎಡೆಲ್ಮಿರಾಳ ಕಿಟಕಿಗೆ ಎಸೆದೆ. ಎರಡು ಸಲ ಅದು ಕೆಳಗಿನ ಮೆಟ್ಟಿಲ ಮೇಲೆ ಬಿತ್ತು, ನಾಯಿಗಳು ಮೂಸಿ ನೋಡಿ ಬೇಡವೆಂದವು.

"ಅವಳ ತಲೆಗೆ ಗುರಿಯಿಡು, ಬೀಳುತ್ತೆ!" ಎಂದರು ಕೆಳಗೆ ನಿಂತಿದ್ದ ದೋನ್ ರಿಗೋ.

ಮೂರನೆಯ ಸಲ ಬಿತ್ತು. ಅವಳು ತನ್ನ ರಾಟೆಗೆ ಪೋಣಿಸಿ ತುದಿಯನ್ನು ನನ್ನ ಕಡೆಗೆ ಎಸೆದಳು. ಗಂಟು ಹಾಕಿದೆ. ಅಮ್ಮನ ಕಪಾಟಿನಲ್ಲಿದ್ದ ಹಳೆಯ ಬಿಳಿ ಹೊದಿಕೆಯನ್ನು ಒಗೆದಿಟ್ಟಿದ್ದೆ, ಅದನ್ನು ಕ್ಲಿಪ್ಪಿನಿಂದ ಸಿಕ್ಕಿಸಿದೆ. ಅದರ ತೂಕಕ್ಕೆ ಹಗ್ಗ ಜೋತುಬಿತ್ತು. ನಾನು ಅದನ್ನೇ ನೋಡುತ್ತಾ ನಿಂತೆ.

ಎದುರಿನ ಕಿಟಕಿಯಿಂದ ಎಡೆಲ್ಮಿರಾ ಗುಡ್ಡಕ್ಕೆಲ್ಲ ಕೇಳುವಂತೆ ಕೂಗಿದಳು: "ಎಳೀ ಸೋಮಾರಿ! ಸಾಯಂಕಾಲದ ತನಕ ನಿಂತಿರ್ತೀಯಾ?"

ನಾನು ಚಿಕ್ಕವಳಿದ್ದಾಗ ಪ್ರತಿ ಬೆಳಿಗ್ಗೆ ಅವಳು ನನ್ನ ಅಮ್ಮನಿಗೆ ಕೂಗುತ್ತಿದ್ದದ್ದು ಇದನ್ನೇ. ನಾನು ಎಳೆದೆ.