ಹುತ್ತದ ಕಡೆಯ ಮೂಲೆ

"ಅಲ್ಲ ಭಾವ, ಪ್ಯಾಂಟು ಹೊಲೆದು ಹೊಲೆದು ಕೈ ಹಂಗೇ ಕೂತ್‌ಬಿಟ್ಟೈತಾ? ಶಾಮಿಯಾನಾಕ್ಕೂ ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ ಇಟ್ಟಿದ್ದೀಯ!"

ಬಸಮ್ಮ ಹೀಗೆ ಅಂದದ್ದೇ ತಡ, ಪಾಯದ ಪೂಜೆಗೆ ಬಂದು ಕೂತಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಬಸಮ್ಮ ಅಂದರೆ ಮನೆ ಕಟ್ಟಿಸುತ್ತಿರುವ ಸರ್ವಮಂಗಳಮ್ಮನ ನಾದಿನಿ. ಅವಳ ಬಾಯಿಗೆ ಮಡಕಶಿರದ ಸಂತೆಯೇ ಹೆದರುತ್ತದೆ.

ಗಂಗಾಧರಪ್ಪ ನಗಲಿಲ್ಲ. ರಾಯದುರ್ಗದಲ್ಲಿ ಜೀನ್ಸ್ ಹೊಲೆಯುವ ಕೆಲಸ ಅವನದು. ಹೆಣ್ಣುಮಗಳು ಮನೆ ಕಟ್ಟಿಸಿದರೆ ಪೂಜೆಯ ನೆರಳು ತವರಿನಿಂದಲೇ ಬರಬೇಕು ಅನ್ನುವುದು ಅವರ ಮನೆತನದ ಪದ್ಧತಿ. ತಂಗಿ ಸರ್ವಮಂಗಳಮ್ಮನಿಗಾಗಿ ಈ ಶಾಮಿಯಾನಾವನ್ನು ಅವನೇ ಕೂತು ಹೊಲೆದು, ಬಸ್ಸಿನ ಮೇಲೆ ಹಾಕಿಕೊಂಡು ತಂದಿದ್ದ. ಈಗ ನೋಡಿದರೆ ಮೂರು ಮೂಲೆ ಕಂಬಕ್ಕೆ ಕಟ್ಟಿದ್ದಾಯಿತು, ನಾಲ್ಕನೆಯದು ಎಷ್ಟು ಎಳೆದರೂ ಮೂರು ಮೊಳ ಸಾಲದು. ಇನ್ನೊಂದು ಕಡೆ ಬಟ್ಟೆ ಎಮ್ಮೆಯ ಹೊಟ್ಟೆಯ ಹಾಗೆ ಜೋತುಬಿದ್ದು, ಪೂಜೆಗೆ ಕೂತ ರುದ್ರಮುನಿ ಅಯ್ಯನವರ ತಲೆಗೆ ತಾಗುತ್ತಿತ್ತು.

"ನಾಕೂ ಕಡಿ ಮೂವತ್ತಡಿ ನೋಡೇ ಕತ್ತರಿಸೀನ್ರಿ ಬಸಮ್ಮಾರ. ಯಾಕ ಹಿಂಗಾತೋ..." ಅಂದ.

"ಜಾಗಾನೂ ನಾಲ್ಕು ಕಡೆ ಮೂವತ್ತೇ ಐತಲ್ಲ ಸಾಮಿ, ನಾನೇ ಅಳೆದಿದ್ದೀನಿ," ಅಂದ ಮೇಸ್ತ್ರಿ ಓಬುಲೇಶ್. "ತಪ್ಪು ಬಟ್ಟೇದೇ."

ಸರ್ವಮಂಗಳಮ್ಮ ಸುತ್ತ ನೋಡಿದಳು. ಗಂಡನ ಕಡೆಯವರೆಲ್ಲ ಕೂತಿದ್ದಾರೆ, ತವರಿನ ನೆರಳು ಸೊಟ್ಟಗೆ ನಿಂತಿದೆ. "ಬಿಚ್ಚಿ ನೋಡಣ್ಣಯ್ಯ, ಎಲ್ಲಾದ್ರೂ ಹೊಲಿಗೆ ಹಿಡ್ಕೊಂಡಿರ್ಬೇಕು," ಅಂದಳು.

ಬಿಚ್ಚಿದರು. ನೆಲದ ಮೇಲೆ ಹಾಸಿ ಉದ್ದಕ್ಕೆ ಮಡಚಿದರು. ಅಂಚಿನ ಮೇಲೆ ಅಂಚು, ಮೂಲೆಯ ಮೇಲೆ ಮೂಲೆ ಕೂತವು. ಅಡ್ಡಕ್ಕೆ ಮಡಚಿದರೂ ಅಷ್ಟೇ. ಒಂದು ಬೆರಳೂ ಆಚೀಚೆ ಇಲ್ಲ.

ನಗು ನಿಂತಿತು.

ಅಲ್ಲಿಯವರೆಗೆ ಹೂ ಕಟ್ಟುತ್ತ ಕೂತಿದ್ದ ಸರ್ವಮಂಗಳಮ್ಮನ ಮಗಳು ತ್ರಿವೇಣಿ ಎದ್ದಳು. ಗುಡಿಬಂಡೆಯ ಕನ್ನಡ ಶಾಲೆಯಲ್ಲಿ ಟೀಚರ್ ಅವಳು. ಓಬುಲೇಶನ ಟೇಪು ಇಸಿದುಕೊಂಡು, ಜಾಗದ ಒಂದು ಮೂಲೆಗಲ್ಲಿನಿಂದ ಎದುರು ಮೂಲೆಗಲ್ಲಿಗೆ ಹಿಡಿಸಿದಳು. ಮೂವತ್ತೆಂಟು ಅಡಿ. ಉಳಿದೆರಡು ಕಲ್ಲುಗಳ ನಡುವೆ ಹಿಡಿಸಿದಳು. ನಲವತ್ತಾರು ದಾಟಿತು. ಚೌಕವಾದರೆ ಎರಡೂ ಒಂದೇ ಬರಬೇಕು.

"ಅಮ್ಮಾ, ಮಾಮನ ಬಟ್ಟೆ ಚೌಕವಾಗೇ ಐತೆ. ನಮ್ಮ ಜಾಗಾನೇ ಚೌಕ ಅಲ್ಲ. ಇದು ವಜ್ರಾಕೃತಿ."

"ವಜ್ರ ಅಂದ್ರೆ ಒಳ್ಳೇದೇ ಅಲ್ವೇನೇ?" ಅಂದಳು ಬಸಮ್ಮ.

"ಏನೊಳ್ಳೇದತ್ತೆ! ಗೋಡೆ ನಾಲ್ಕೂ ಸಮ, ನೆಟ್ಟಗಿರೋ ಮೂಲೆ ಒಂದೂ ಇಲ್ಲ. ಮಂಚ ಮೂಲೆಗೆ ತಳ್ಳಿದ್ರೆ ಹಿಂದೆ ಬೆಕ್ಕು ಮರಿ ಹಾಕೋವಷ್ಟು ಸಂದಿ."

"ನಾಲ್ಕೂ ಸಮ ಇದ್ಮೇಲೆ ಸೊಟ್ಟ ಹೆಂಗಾಯ್ತದೆ?" ಸರ್ವಮಂಗಳಮ್ಮ ಹೆಚ್ಚುಕಮ್ಮಿ ಕೂಗಿದಳು. "ನಾವೇ ಹಗ್ಗ ಹಿಡಿದು ಎಳೆದ್ವಲ್ಲೇ!"

ಎಳೆದದ್ದು ನಿಜ. ಬಾವಿ ಹಗ್ಗದ ತುದಿಗೆ ತುದಿ ಕಟ್ಟಿ, ಮೂವತ್ತು ಅಡಿಗೊಂದರಂತೆ ನಾಲ್ಕು ಗಂಟು ಹಾಕಿ, ಮನೆಯವರೇ ಗಂಟಿಗೊಬ್ಬರು ನಿಂತು ಬಿಗಿದಿದ್ದರು. ಸುತ್ತ ಅವರದೇ ಕಡಲೆಕಾಯಿ ಹೊಲ, ಕೇಳುವವರಿಲ್ಲ. ಹಿಂದಿನ ಪಡುವಣ ಮೂಲೆಗೆ ಮಾತ್ರ ಹುತ್ತ ಅಡ್ಡ ಬಂದಿತ್ತು. ನಾಗಪ್ಪನ ತಲೆ ಮೇಲೆ ಕಲ್ಲು ನೆಡುವುದುಂಟೇ ಎಂದು ಸರ್ವಮಂಗಳಮ್ಮನೇ ಆ ಗಂಟನ್ನು ಆಳುದ್ದ ಮೂಡಲಿಗೆ ಸರಿಸಿದ್ದಳು. ಅದರ ಜೊತೆಗೆ ಹಿಂದಿನ ಇನ್ನೊಂದು ಗಂಟೂ ಸರಿಯಿತು. ಹಗ್ಗ ಬಿಗಿಯಾಗೇ ಇತ್ತು, ಅಳತೆ ಅಷ್ಟೇ ಇತ್ತು. ಯಾರಿಗೂ ಏನೂ ಅನ್ನಿಸಲಿಲ್ಲ.

ತ್ರಿವೇಣಿ ಪೂಜೆಯ ತಟ್ಟೆಯಿಂದ ನಾಲ್ಕು ಊದುಬತ್ತಿ ತೆಗೆದು, ತುದಿಗೆ ತುದಿ ಕೂಡಿಸಿ ಮಣೆಯ ಮೇಲೆ ಚೌಕ ಮಾಡಿದಳು. "ಹಿಂದಿನ ಕಡ್ಡೀನ ಮೆಲ್ಲಗೆ ಪಕ್ಕಕ್ಕೆ ತಳ್ಳಮ್ಮ. ತುದಿ ಬಿಡಬಾರದು."

ಸರ್ವಮಂಗಳಮ್ಮ ತಳ್ಳಿದಳು. ಚೌಕ ವಾಲಿತು. ಮಗಳು ತುದಿಗಳನ್ನು ಕೂಡಿಸುತ್ತ ಹೋದ ಹಾಗೆ ಅವಳು ತಳ್ಳುತ್ತಲೇ ಹೋದಳು. ನಾಲ್ಕೂ ಕಡ್ಡಿ ಎರಡೆರಡಾಗಿ ಮೈಗೆ ಮೈ ತಾಗಿಸಿ ಮಲಗಿಬಿಟ್ಟವು. ಅವಳು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು.

"ಅಯ್ಯೋ ಶಿವನೇ! ಕಡ್ಡಿ ಅಷ್ಟೇ ಅವೆ. ಒಳಗಿನ ಜಾಗ ಎಲ್ಲಿಗೆ ಹೋಯ್ತೇ?"

ಎಲ್ಲರ ಕಣ್ಣೂ ಓಬುಲೇಶ್ ತೋಡಿಟ್ಟಿದ್ದ ಪಾಯದ ಮೇಲೆ ಬಿತ್ತು. ಈಗ ನೋಡಿದರೆ ಅದು ವಾಲಿದ್ದು ಎದ್ದು ಕಾಣುತ್ತದೆ! ಇಷ್ಟು ದಿನ ಎಲ್ಲಿ ಹೋಗಿತ್ತು ಕಣ್ಣು? ಇನ್ನೊಂದು ಗಳಿಗೆ ಕಳೆದಿದ್ದರೆ ಅದರಲ್ಲೇ ಕಲ್ಲು ಕೂರುತ್ತಿತ್ತು.

"ಮಕ್ಕಳಿಗೆ ದಿನಾ ಹೇಳ್ತೀನಿ, ಬಾಹು ಸಮ ಇದ್ರೆ ಸಾಲ್ದು, ಮೂಲೆ ನೋಡಿ ಅಂತ," ತ್ರಿವೇಣಿ ಮೆಲ್ಲಗೆ ಅಂದಳು. "ನಮ್ಮ ಮನೇದೇ ಕಾಣಲಿಲ್ಲ ನೋಡು."

ಗಂಗಾಧರಪ್ಪ ಬಟ್ಟೆಯ ಮುಂದಿನ ಅಂಚನ್ನು ಮುಂದಿನ ಎರಡು ಕಲ್ಲಿಗೆ ಕೂಡಿಸಿ ನೆಲದ ಮೇಲೆ ಹಾಸುತ್ತ ಹೋದ. ಹಿಂದಿನ ಪಡುವಣ ಮೂಲೆ ಹೋಗಿ ಹುತ್ತದ ನೆತ್ತಿಯ ಮೇಲೇ ಬಿತ್ತು. ಅವನು ಬೆಂಕಿ ತಾಕಿದವನ ಹಾಗೆ ಮೂಲೆಯನ್ನು ಎತ್ತಿ ಹಿಡಿದ.

"ಹುತ್ತ ತೆಗೆಸೋದಾ?" ಓಬುಲೇಶ್ ಪಿಸುಗುಟ್ಟಿದ.

"ನಾಲಿಗೆ ಕಡ್ಕೊ!" ಸರ್ವಮಂಗಳಮ್ಮ ಎದ್ದು ನಿಂತಳು. ಊರಿಗೆಲ್ಲ ಚೌಕದ ಮನೆ ಎಂದು ಹೇಳಿಕೊಂಡು ಬಂದವಳು ಅವಳು. ಹುತ್ತವನ್ನು ನೋಡಿದಳು, ಅಣ್ಣನನ್ನು ನೋಡಿದಳು. "ಈ ಪಾಯ ಮುಚ್ಚು. ಮೂಲೆ ನೆಟ್ಟಗೆ ಹಿಡಿದು ಹೊಸದು ತೋಡು. ಹಿಂದಿನ ಗೋಡೆ ಹುತ್ತಕ್ಕಿಂತ ಈಚೆಗೇ ನಿಲ್ಲಲಿ."

"ಹಂಗಾರೆ ಹಿಂದಕ್ಕೆ ಕಮ್ಮಿ ಆಯ್ತದೆ. ಚೌಕ ಬರಲ್ಲ ಅತ್ತಿಗೆ," ಅಂದಳು ಬಸಮ್ಮ.

"ಆಯತ ಬರ್ತದತ್ತೆ," ಅಂದಳು ತ್ರಿವೇಣಿ.

"ಬರ್ಲಿ. ಅಯ್ಯನೋರೇ, ಗಳಿಗೆ ಮೀರ್ತಾ?"

"ಮುಂದಿನ ಮೂಲೆ ಎರಡೂ ಇದ್ದಲ್ಲೇ ಅವೆ ತಾಯಿ. ಮೊದಲ ಕಲ್ಲು ಅಲ್ಲೇ ಇಡೋದು. ಬನ್ನಿ."

ಬಟ್ಟೆಯನ್ನು ಮತ್ತೆ ಏರಿಸಿದರು. ಹಿಂದಿನ ಮೂಡಲ ಕಂಬವನ್ನು ಆಳುದ್ದ ಪಡುವಣಕ್ಕೆ ತಂದು ನೆಟ್ಟಾಯಿತು, ಹುತ್ತದ ಕಡೆ ನೆಡುವ ಹಾಗಿರಲಿಲ್ಲ. ಗಂಗಾಧರಪ್ಪನೇ ಆ ಹಗ್ಗ ಹಿಡಿದು ಕಂಬವಾಗಿ ನಿಂತ.

"ಭಾವ, ತಂಗಿ ಮೊದಲ ಕಲ್ಲು ಇಡ್ತಾವ್ಳೆ. ಹೋಗು ನೋಡು."

"ಬಿಟ್ರ ಜೋಲು ಬೀಳ್ತೈತ್ರಿ."

ಬಸಮ್ಮ ಸೆರಗನ್ನು ಅಂಗೈಗೆ ಸುತ್ತಿಕೊಂಡು ಬಂದು ಅವನ ಕೈಯಿಂದ ಹಗ್ಗ ತೆಗೆದುಕೊಂಡಳು. ಗಾಳಿ ಬೀಸಿ ಬಟ್ಟೆ ಒಮ್ಮೆ ಜಗ್ಗಿತು. ಅವಳು ಕಾಲೂರಿ ನಿಂತಳು.