ಲೈಸೆನ್ಸ್ ಸಿಕ್ಕಿದ ಮೇಲೆ

ತಂಗಿ ಅಮಿತಾಳಿಗೆ ವಿಮಾನ ಹಾರಿಸುವ ಲೈಸೆನ್ಸ್ ಸಿಕ್ಕಿದ್ದನ್ನು ಪ್ರೇಮಾನಂದ ಗಂಗೊಳ್ಳಿ ಬಂದರಿನ ತುಂಬ ಸಾರಿಬಿಟ್ಟಿದ್ದ. ಮೀನು ವ್ಯಾಪಾರದ ಮನೆಯ ಹುಡುಗಿ ಮೈಸೂರಿಗೆ ಹೋಗಿ ಸಣ್ಣ ವಿಮಾನ ಹಾರಿಸಲು ಕಲಿತಳೆಂದರೆ ಸಾಮಾನ್ಯವೇ? ಅವಳ ಜೊತೆ ಮೊದಲು ಹಾರುವವನು ತಾನೇ ಎಂದು ಅವನ ಹಟ.

ಊರಿಗೆ ಬಂದ ಅಮಿತಾ ಮಾತ್ರ ದಿನ ಮುಂದೂಡುತ್ತಲೇ ಇದ್ದಳು. ಕೊನೆಗೊಂದು ಸಂಜೆ, ಕೋಡಿಯ ಕಡಲತೀರದಲ್ಲಿ ಇಬ್ಬರೇ ಇದ್ದಾಗ ಅವನು ನೇರವಾಗಿ ಕೇಳಿದ.

"ಎಂತ, ನನ್ನ್ ಕರ್ಕಂಡ್ ಹೋಪುಕೆ ನಿಂಗ್ ಮನಸ್ಸಿಲ್ಯಾ?"

ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಅವಳು ಆಗ ಹೇಳಿದಳು. ಲೈಸೆನ್ಸ್ ಬಂದ ಕೆಲವೇ ದಿನಗಳಲ್ಲಿ, ಒಬ್ಬಳೇ ಹಾರುವಾಗ, ಕಣ್ಣು ಮಿಟುಕಿಸುವಷ್ಟರಲ್ಲಿ ಮೋಡದೊಳಗೆ ಸಿಕ್ಕಿಬಿದ್ದಿದ್ದಳು. ಸುತ್ತಲೂ ಹಾಲಿನಂಥ ಬಿಳುಪು. ವಿಮಾನ ನೆಟ್ಟಗೇ ಹೋಗುತ್ತಿದೆ ಎಂದು ಮೈ ಹೇಳುತ್ತಿತ್ತು, ಒಂದು ಕಡೆಗೆ ವಾಲಿದೆ ಎಂದು ಕಣ್ಣೆದುರಿನ ಮೀಟರು ತೋರಿಸುತ್ತಿತ್ತು. ಅವಳು ಮೈಯನ್ನು ನಂಬಿದಳು. ಮೋಡದಿಂದ ಕೆಳಗೆ ಜಾರಿ ಬಿದ್ದಾಗ ಒಂದು ರೆಕ್ಕೆ ನೆಲದ ಕಡೆಗಿತ್ತು, ಮರಗಳ ತುದಿ ಎಣಿಸುವಷ್ಟು ಹತ್ತಿರದಲ್ಲಿ. ಹೇಗೋ ಇಳಿಸಿದಳು. ವಿಮಾನ ನಿಲ್ಲಿಸುವ ಹ್ಯಾಂಗರಿನ ಬಳಿ ಚಹಾ ಕುಡಿಯುತ್ತಿದ್ದವರು ಕೈ ಬೀಸಿದರು. ಇವಳೂ ಬೀಸಿದಳು.

"ಲೈಸೆನ್ಸ್ ಪುಕ್ಕಟೆ ಕೊಟ್ರಾ ಹಂಗಾರೆ?"

"ಪಾಸಾಪುಕೆ ಬೇಕಾದಷ್ಟ್ ಕಲ್ತಿದೆ ಅಣ್ಣಾ. ನಿನ್ನ್ ಕೂರ್ಸ್ಕಂಬುಕೆ ಅದ್ ಸಾಕಾತಿಲ್ಲೆ."

ಅವನು ಲುಂಗಿಯ ಮರಳು ಕೊಡವಿಕೊಂಡು ಮನೆಯ ದಾರಿ ಹಿಡಿದ. ಅಲ್ಲಿಂದ ಮುಂದೆ ಮನೆಯಲ್ಲಿ ವಿಮಾನದ ಸುದ್ದಿಯೇ ನಿಂತುಹೋಯಿತು. ಹುಡುಗಿ ಹೆದರಿದ್ದಾಳೆ ಎಂದು ಬಂದರಿನಲ್ಲಿ ಯಾರೋ ಅಂದದ್ದೂ ಅವಳ ಕಿವಿಗೆ ಬಿತ್ತು.

ಅಮಿತಾ ಮತ್ತೆ ಮೈಸೂರಿನ ಬಸ್ಸು ಹತ್ತಿದಳು. ಮೋಡದೊಳಗೆ ಮೀಟರು ನಂಬಿ ಹಾರುವುದನ್ನು ಕಲಿಸಿ ಎಂದು ಕೇಳಿದಳು. ಇಷ್ಟೆಲ್ಲ ಕಲಿಯಬೇಕೆಂದು ಯಾವ ಕಾನೂನೂ ಹೇಳುವುದಿಲ್ಲವಲ್ಲ ಎಂದರು ಶಿಕ್ಷಕರು. ಆದರೂ ಕಲಿಸಿದರು. ಪಕ್ಕದಲ್ಲಿ ಅವರು ಕೂತಿರುವಾಗ, ಹೊರಗಿನದೇನೂ ಕಾಣದಂತೆ ಹಣೆಗೆ ಮರೆ ಕಟ್ಟಿಕೊಂಡು, ಮೀಟರುಗಳನ್ನಷ್ಟೇ ನೋಡುತ್ತ ಅವಳು ಹಾರಿದಳು. ಜೊತೆಗೆ ಕಲಿತವರು ಗೆಳೆಯರನ್ನು ಕೂರಿಸಿಕೊಂಡು ಸುತ್ತಿಬಂದು ಫೋಟೋ ಹಾಕುತ್ತಿದ್ದರು. ಇವಳು ರೂಮಿಗೆ ಬಂದು ಅನ್ನಕ್ಕಿಟ್ಟು, ಕುಕ್ಕರಿನ ಸೀಟಿ ಕೇಳುತ್ತ ಕೂರುತ್ತಿದ್ದಳು. ನಿಧಾನವಾಗಿ, ಮೈ ಹೇಳುವ ಸುಳ್ಳು ಗುರುತು ಸಿಗತೊಡಗಿತು.

ಮಳೆಗಾಲ ಮುಗಿದು ಬೋಟುಗಳು ಕಡಲಿಗಿಳಿದಾಗ ಅವಳೇ ಫೋನು ಮಾಡಿದಳು. "ಅಣ್ಣಾ, ಈಗ ಬಾ."

ಆ ಕಡೆಯಿಂದ ಬಂದರಿನ ಗಲಾಟೆ ಕೇಳಿಸುತ್ತಿತ್ತು. ಬಂಗುಡೆ ಮೀನು ರಾಶಿ ಬೀಳುತ್ತಿದೆ, ಪುರುಸೊತ್ತಿಲ್ಲ ಎಂದ. ಆಮೇಲೆ ದನಿ ತಗ್ಗಿಸಿ ಅಂದ: "ಆ ಮೋಡದ ಸುದ್ದಿ ಜಲಜಂಗೆ ಹೇಳ್ದೆ ಕಾಣ್. ಹೆಂಡ್ತಿ ಅಲ್ದಾ, ಬಿಡುದಿಲ್ಲೆ ಅಂತ್. ನಂಗೂ... ಇನ್ನೊಂದ್ ಸಲ ಕಾಂಬ."

ಅಡ್ಡಿಲ್ಲ ಅಣ್ಣಾ ಎಂದಳು. ಅವನ ಮೇಲೆ ಸಿಟ್ಟು ಬರಲಿಲ್ಲ. ತಾನು ಅಂದು ಹೇಳದೇ ಇದ್ದಿದ್ದರೆ ಅವನು ನಗುತ್ತಲೇ ಬರುತ್ತಿದ್ದ ಎಂಬುದೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ಅಮಿತಾ ಪಕ್ಕದ ಖಾಲಿ ಸೀಟಿನ ಬೆಲ್ಟು ಅಲುಗಾಡದಂತೆ ಬಿಗಿದು ಕಟ್ಟಿ, ಎಂಜಿನ್ ಚಾಲೂ ಮಾಡಿದಳು.